ಉಲ್ಟಾ ಅಚ್ಚಾದ ಕುಡುಕ

ಬುದ್ಧಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ದುಬೈಯ ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಕಟ್ಟಡದಲ್ಲಿ ಯಾರೂ ಇಲ್ಲ. ಈ ಮಾತು ನನ್ನ ಹೆಂಡತಿಯದು, ಹೊಗಳಿಕೆಯಂತೂ ಅಲ್ಲ. ಆದರೂ ಅವಳ ತಮ್ಮ ಖಾಲಿದಿಯಾ ಬಡಾವಣೆಯಲ್ಲಿದ್ದ ಕೆಲಸವನ್ನು ಕುಡಿದು ಕಳೆದುಕೊಂಡು, ಒಂದು ಸೂಟ್‌ಕೇಸ್ ಹಿಡಿದು ನಮ್ಮ ಮನೆಗೆ ಬಂದಾಗ, ಇವನನ್ನು ನಾನು ಸರಿಮಾಡುತ್ತೇನೆ ಎಂದು ಎದೆ ತಟ್ಟಿಕೊಂಡೆ.

ಹೆಂಡತಿ ಅಷ್ಟು ಮೆದುವಲ್ಲ. ಮೊದಲ ದಿನವೇ ತಮ್ಮನನ್ನು ಕೂರಿಸಿಕೊಂಡು, "ಇನ್ನೊಂದು ಸಲ ಕುಡಿದು ಬಂದರೆ ಖಲಾಸ್. ಸೀದಾ ಮಂಗಳೂರಿಗೆ ಟಿಕೆಟ್. ತಮ್ಮ ಅಂತ ನೋಡುವುದಿಲ್ಲ ನಾನು," ಎಂದಳು. ಊರಿನಲ್ಲಿ ಅವನ ಹೆಂಡತಿ ಆಗಲೇ ತವರು ಸೇರಿದ್ದಳು. ಕುಡಿತ ಬಿಡದೆ ಹಿಂತಿರುಗಿದರೆ ಅವಳು ಬಾಗಿಲು ತೆರೆಯುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ನಾನು ಇಪ್ಪತ್ತು ವರ್ಷದಿಂದ ದುಬೈಯ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಇರುವವನು. ಹಳೆಯ ಅಚ್ಚುಚಿತ್ರಗಳೆಂದರೆ ಹುಚ್ಚು. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕ, ಇಂಗ್ಲೆಂಡ್ ಕಡೆ ಜನರ ಕುಡಿತ ಬಿಡಿಸಲೆಂದೇ ಕಲ್ಲಚ್ಚಿನಲ್ಲಿ ಚಿತ್ರ ತೆಗೆದು, ಬಣ್ಣ ಬಳಿದು, ಬಡವರ ಗೋಡೆಗೂ ಸಿಗುವಂತೆ ಮಾರುತ್ತಿದ್ದರು. ಕುಡುಕನ ಬಾಳನ್ನು ಮೆಟ್ಟಿಲುಗಳಾಗಿ ತೋರಿಸುವುದು ಅದರಲ್ಲೊಂದು ಬಗೆ. ಹತ್ತುವಾಗ ಮೋಜು, ಇಳಿಯುವಾಗ ಗೋಳು, ಕೊನೆಗೆ ಗೋರಿ. ಓದು ಬಾರದವನೂ ಒಮ್ಮೆ ನೋಡಿದರೆ ಹೆದರಬೇಕು. ನಮ್ಮವನಿಗೆ ಇದೇ ಮದ್ದು ಎಂದುಕೊಂಡೆ.

ಅಚ್ಚು ಕೊರೆಯಲು ಲಿನೋಲಿಯಂ ಎಂಬ ಮೆದು ಹಾಳೆ ತಂದು ಮೂರು ವಾರಾಂತ್ಯ ಕೂತು ಏಳು ಮೆಟ್ಟಿಲು ಕೊರೆದೆ. ಎಡಗಡೆ ಮೊದಲನೆಯದರಲ್ಲಿ ಮನೆ ಬಾಗಿಲಲ್ಲಿ ಹೆಂಡತಿಯೊಂದಿಗೆ ನಿಂತ ಗಂಡ, ಎರಡನೆಯದರಲ್ಲಿ ಗೆಳೆಯ ಕೊಟ್ಟ ಗ್ಲಾಸು, ಹೀಗೇ ಮುಂದುವರಿದು ಹರಿದ ಅಂಗಿ, ಜೈಲು, ಬಲತುದಿಗೆ ಗೋರಿ. ಪಕ್ಕದಿಂದ ಮುಖ ಬರೆಯಲು ನನಗೆ ಬಾರದು, ಆದ್ದರಿಂದ ಎಲ್ಲರೂ ನೋಡುಗರ ಕಡೆಗೇ ಮುಖ ಮಾಡಿದ್ದರು. ಕುಡುಕನಿಗೆ ಮಾತ್ರ ಬೇಕೆಂದೇ ಭಾವಮೈದುನನ ಗುಂಗುರು ಕೂದಲು ಇಟ್ಟೆ. ಒಂದು ಶನಿವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಾಳೆಗೆ ಮಸಿ ಹಚ್ಚಿ, ಕಾಗದ ಹಾಸಿ, ಅನ್ನದ ಸೌಟಿನ ಬೆನ್ನಿನಿಂದ ಉಜ್ಜಿ, ಇಬ್ಬರನ್ನೂ ಕರೆದು ಕಾಗದ ಎತ್ತಿದೆ.

ಗೋರಿ ಎಡಗಡೆ ಬಂದಿತ್ತು. ಅಚ್ಚಿಗೆ ಕೊರೆಯುವಾಗ ಕನ್ನಡಿಯಲ್ಲಿ ಕಾಣುವಂತೆ ಚಿತ್ರವನ್ನು ತಿರುಗಿಸಿ ಕೊರೆಯಬೇಕು. ನಿನ್ನೆ ಪ್ರೆಸ್ಸಿಗೆ ಸೇರಿದವನಿಗೂ ಇದು ಗೊತ್ತು. ನಾನು ಚಿತ್ರ ಇದ್ದಂತೆಯೇ ಕೊರೆದಿದ್ದೆ.

"ಇಪ್ಪತ್ತು ವರ್ಷ ಪ್ರೆಸ್ಸಲ್ಲಿ ಎಂತ ಮಾಡಿದ್ದು ನೀವು?" ಎಂದಳು ಹೆಂಡತಿ.

"ಈ ದೇಶದಲ್ಲಿ ಅರಬಿಯನ್ನು ಬಲದಿಂದ ಎಡಕ್ಕೆ ಓದುವುದಲ್ವಾ?" ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವಳ ತಮ್ಮ ನಗಲಿಲ್ಲ. ಎಡಗಡೆಯಿಂದ ಬೆರಳಿಡುತ್ತಾ ಒಂದೊಂದೇ ಮೆಟ್ಟಿಲು ದಾಟಿ ಮನೆ ಬಾಗಿಲಿಗೆ ಬಂದು ನಿಂತ.

"ಎಂತ ಭಾವ ಇದು? ಗೋರಿಯಿಂದ ಎದ್ದು ಮನೆಗೆ ಬಂದನಾ ಇವ?"

ಅವನು ಅಕ್ಕನ ಕಡೆ ತಿರುಗಿ, "ನಾನೀಗ ಎಷ್ಟನೇ ಮೆಟ್ಟಿಲಲ್ಲಿ ಇದ್ದೇನೆ?" ಎಂದು ಕೇಳಿದ.

ಅವಳ ನಗು ನಿಂತಿತು. ಹತ್ತಿರ ಬಂದು ಹರಿದ ಅಂಗಿಯ ಮೇಲೆ ಬೆರಳಿಟ್ಟಳು. "ಇಲ್ಲಿ. ಇನ್ನು ನಾಲ್ಕು ಉಂಟು."

ಮಸಿ ಒಣಗುವ ಮೊದಲೇ ಅವನು ಅದನ್ನು ತನ್ನ ಮಂಚದ ಎದುರಿನ ಗೋಡೆಗೆ ಅಂಟಿಸಿಕೊಂಡ. ನನ್ನ ಚಿತ್ರವೇ ಅವನ ಕುಡಿತ ಬಿಡಿಸಿತು ಎನ್ನುವಷ್ಟು ಮೂರ್ಖ ನಾನಲ್ಲ. ಡಾಕ್ಟರರ ಔಷಧಿ ಇತ್ತು, ಅಕ್ಕನ ಕಾವಲಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಅವನ ಹಟವಿತ್ತು. ಈಗ ಅಲ್ ಬರ್ಷಾದ ಆಫೀಸೊಂದರಲ್ಲಿ ಕೆಲಸ. ಅವನ ಹೆಂಡತಿ ಊರಿನಿಂದ ಬಂದು ಜೊತೆಗಿದ್ದು ಎರಡು ವರ್ಷವಾಯಿತು.

ಆದರೆ ಆ ಅಚ್ಚು ಅವರ ಹಾಲ್‌ನಲ್ಲಿದೆ, ಬಂದವರಿಗೆಲ್ಲ ಕಾಣುವಂತೆ. ಕಸುಬಿನವನ ಮರ್ಯಾದೆಯ ಪ್ರಶ್ನೆ. ಹೋದ ತಿಂಗಳು ಹೊಸ ಹಾಳೆಯಲ್ಲಿ ಸರಿಯಾಗಿ ತಿರುಗಿಸಿ ಕೊರೆದು, ಫ್ರೇಮು ಹಾಕಿಸಿ, ಹೆಮ್ಮೆಯಿಂದ ಒಯ್ದು ಕೊಟ್ಟೆ. ಅವನು ಮನೆ ಬಾಗಿಲಿನಿಂದ ಗೋರಿಯವರೆಗೆ ಬೆರಳಾಡಿಸಿ ನೋಡಿದ. ಗೋಡೆಯ ಮೇಲಿದ್ದುದನ್ನು ತೆಗೆಯಲಿಲ್ಲ. ಹೊಸದನ್ನು ನನ್ನ ಕೈಗೇ ವಾಪಸ್ಸಿಟ್ಟ.

"ಬೇಡ ಭಾವ. ಈ ದಾರಿ ನನಗೆ ಗೊತ್ತುಂಟು."