ಶಾರ್ಟ್‌ಸ್ಟಾಪ್ ಕಾಂಚನಾ ಟೀಚರ್

ಮುಂಡರಗಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಬೇಸ್‌ಬಾಲ್ ಕಲಿಸುವ ಕಾಂಚನಾ ಟೀಚರ್ ಮುಂದೆ ಯಾರೂ ‘ಶಾರ್ಟ್‌ಸ್ಟಾಪ್’ ಎಂಬ ಮಾತನ್ನು ಹಗುರವಾಗಿ ಆಡುವಂತಿಲ್ಲ. ಮೈದಾನದಲ್ಲಿ ಅದು, ಓಡುವವರು ಮುಟ್ಟಬೇಕಾದ ಬೇಸುಗಳಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ನಿಂತು ಚೆಂಡು ತಡೆಯುವ ಜಾಗ. ಕಾಲೇಜಿನ ದಿನಗಳಲ್ಲಿ ಅವರೇ ನಿಂತು ಆಡಿದ ಜಾಗ. ‘ಆ ಸ್ಟಾಪ್ ಎಲ್ಲಿ ಬರತೈತ್ರಿ, ಹಮ್ಮಿಗಿ ದಾಟಿದ ಮ್ಯಾಲೇನು?’ ಎಂದು ನಕ್ಕ ಬಸ್ ಕಂಡಕ್ಟರಿಗೆ ಅವರು ತಾವು ಇಳಿಯುವ ತನಕ ಪಾಠ ಹೇಳಿದ್ದರು. ಮಿಕ್ಸರ್ ಶಾರ್ಟ್ ಆಗಿದೆ ಎಂದ ಅಂಗಡಿಯವನನ್ನೂ ದುರುಗುಟ್ಟಿ ನೋಡಿದರಂತೆ ಎಂದು ಉಳಿದ ಶಿಕ್ಷಕಿಯರು ಚೇಷ್ಟೆ ಮಾಡುತ್ತಾರೆ. ಆದರೆ ಮೊನ್ನೆ ಗೆದ್ದು ಬಂದ ತಂಡದ ಸನ್ಮಾನದಲ್ಲಿ ಅತಿಥಿಯೊಬ್ಬರು ಈಗ ಆ ಜಾಗದಲ್ಲಿ ಆಡುವ ರುಹಿಯತ್ತ ಬೆರಳು ಮಾಡಿ, ‘ಈ ಹುಡುಗಿ ಗಿಡ್ಡ ಅದಾಳಂತ ಶಾರ್ಟ್‌ಸ್ಟಾಪ್ ಮಾಡ್ಯಾರ’ ಎಂದಾಗ ಸಭೆಯೆಲ್ಲ ನಕ್ಕಿತು, ರುಹಿ ತಲೆ ತಗ್ಗಿಸಿದಳು. ಟೀಚರ್ ದಡದಡನೆ ವೇದಿಕೆ ಹತ್ತಿ ಮೈಕು ಹಿಡಿದರು. ‘ಗಿಡ್ಡ ಅಂತ ಅಲ್ರಿ. ಎಲ್ಲಾಕಿಂತ ಹೆಚ್ಚು ಚೆಂಡು ಆ ಕಡೇನ ಬರತಾವ. ತಂಡದಾಗ ಯಾರ ಕೈ ಗಟ್ಟಿ ಐತಿ, ಅವರನ್ನ ಅಲ್ಲಿ ನಿಲ್ಲಸ್ತೀವಿ.’ ಅತಿಥಿ ಮುಖ ಒರೆಸಿಕೊಂಡರು. ಸಿಟ್ಟು ಇನ್ನೂ ಇಳಿಯದೆ ಕೆಳಗೆ ಬಂದ ಟೀಚರ್ ಸೆರಗನ್ನು ರುಹಿ ಮೆಲ್ಲಗೆ ಎಳೆದು, ‘ಹಂಗಾರ ನಾ ಗಿಡ್ಡ ಅದೀನಂತ ಅಲ್ಲಿ ನಿಲ್ಲಿಸಿಲ್ಲೇನ್ರಿ?’ ಎಂದು ಕೇಳಿದಳು. ಊರಿಗೆಲ್ಲ ಅರ್ಥ ಹೇಳಿಕೊಂಡು ತಿರುಗಿದ ಟೀಚರ್, ಆ ಜಾಗದಲ್ಲಿ ನಿಂತ ಹುಡುಗಿಗೆ ಮಾತ್ರ ಅದನ್ನು ಹೇಳಿರಲಿಲ್ಲ.