ಮೊಳೆಬಾಯಿಯ ಗಟ್ಟಿ ಟೈರು

ಸೋಫಾ ರಿಪೇರಿ ಮಾಡುವ ಮೇಸ್ತ್ರಿಗೆ ಮೊಳೆಬಾಯಿ ಎಂದು ಹೆಸರಿಟ್ಟವರು ಜೊತೆಯಲ್ಲಿ ಕೆಲಸ ಮಾಡುವವರೇ. ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ಬೆಳಿಗ್ಗೆ ಅವನು ಒಂದು ಹಿಡಿ ಪುಟ್ಟ ನೀಲಿ ಮೊಳೆಗಳನ್ನು ಬಾಯಿಗೆ ಸುರಿದುಕೊಳ್ಳುತ್ತಿದ್ದ. ನಾಲಿಗೆ ಒಂದೊಂದನ್ನೇ ತುಟಿಗೆ ತಳ್ಳಬೇಕು, ಸುತ್ತಿಗೆಯ ಅಯಸ್ಕಾಂತದ ತುದಿ ಅದನ್ನು ಕಚ್ಚಿಕೊಳ್ಳಬೇಕು, ಬಟ್ಟೆಯ ಅಂಚಿಗೆ ಟಪ್ಪೆಂದು ಹೊಡೆಯಬೇಕು. ಹಾಗಾಗಿ ಕೆಲಸದ ಹೊತ್ತಿನಲ್ಲಿ ಅವನಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ದಿನವಿಡೀ ಕೂಡಿಟ್ಟ ಮಾತನ್ನೆಲ್ಲ ಸಂಜೆ ಮನೆಗೆ ಬಂದು ಹೆಂಡತಿಯ ಮುಂದೆ ಕೊಡವುತ್ತಿದ್ದ. ಆ ಬಾಯಿಗೆ ಮೊಳೆಯೇ ಲಾಯಕ್ಕು ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡದ್ದು ಎಷ್ಟು ಸಲವೋ.

ಅವನ ಪ್ರಾಣವೆಲ್ಲ ಸೈಕಲ್ಲಿನಲ್ಲಿತ್ತು. ಚಳಿಗಾಲದಲ್ಲಿ ಹಿಮ ಬೀಳುವ ಆ ಊರಿನಲ್ಲಿ, ಮನೆಯಿಂದ ಸೇತುವೆಯ ಮೇಲೆ ನದಿ ದಾಟಿ ಕೆಲಸದ ಶೆಡ್ಡಿಗೆ, ಶೆಡ್ಡಿನಿಂದ ಮನೆಗೆ. ಆ ಹೊತ್ತಿನಲ್ಲಿ ಅವನನ್ನು ಕೂಗುವವರಿಲ್ಲ, ಸೋಫಾದ ಸ್ಪ್ರಿಂಗು ಯಾಕೆ ಕಿರುಗುಡುತ್ತದೆ ಎಂದು ತಲೆ ತಿನ್ನುವವರಿಲ್ಲ. ಬಸ್ಸು ಮನೆಯ ಮುಂದೆಯೇ ನಿಲ್ಲುತ್ತಿತ್ತು. ಅದರ ಕಡೆ ಅವನು ತಲೆ ಕೂಡ ತಿರುಗಿಸುತ್ತಿರಲಿಲ್ಲ.

ಎಲೆ ಉದುರುವ ಕಾಲ ಬಂದದ್ದೇ ಆ ಪ್ರಾಣಕ್ಕೆ ಸಂಚಕಾರ ಬಂತು. ಅಷ್ಟು ವರ್ಷ ಅಪರೂಪಕ್ಕೆ ಪಂಕ್ಚರ್ ಆಗುತ್ತಿದ್ದ ಗಾಲಿ, ಈಗ ಬೆಳಿಗ್ಗೆ ಎದ್ದು ನೋಡಿದರೆ ಸೊರಗಿ ಕೂತಿರುತ್ತಿತ್ತು. ಮೊದಲು ರಸ್ತೆಯವರನ್ನು ಬೈದ. ಆಮೇಲೆ ಟೈರಿನವರನ್ನು ಬೈದ. ಬೈಯಲು ಬೇರೆ ಯಾರೂ ಸಿಗದಿದ್ದಾಗ ಕೆಳಗಿನ ಮನೆಯಲ್ಲಿದ್ದ ಭಾಮೈದನ ನೆನಪಾಯಿತು. ಅವನು ಆಗಷ್ಟೇ ಗೋಡೆಗೆ ಒಂದು ಶೆಲ್ಫು ಹೊಡೆದಿದ್ದ. ಅಷ್ಟು ಸಾಕ್ಷಿ ಸಾಕಾಯಿತು.

"ನಿನ್ನ ತಮ್ಮನೇ ಮೊಳೆ ಚೆಲ್ತಿರೋದು! ನನ್ನ ಸೈಕಲ್ ಕಂಡ್ರೆ ಅವನಿಗೆ ಹೊಟ್ಟೆಯುರಿ!"

"ಅವನಿಗೆ ಕಾರಿದೆ ಕಣ್ರೀ," ಎಂದಳು ಹೆಂಡತಿ, ಬಟ್ಟೆ ಮಡಿಸುತ್ತಾ. "ನಿಮ್ಮ ಸೈಕಲ್ ನೋಡಿ ಯಾಕೆ ಹೊಟ್ಟೆ ಉರ್ಕೋತಾನೆ? ಸುಮ್ನೆ ಬಸ್ಸಲ್ಲಿ ಹೋಗಿ."

ಮಾತಿಗೆ ಮಾತು ಬೆಳೆದು ಪಂದ್ಯಕ್ಕೆ ಬಂತು. ಚಳಿಗಾಲ ಮುಗಿಯುವುದರೊಳಗೆ ಇನ್ನೊಂದು ಪಂಕ್ಚರ್ ಆದರೆ ಸೈಕಲ್ಲು ಗುಜರಿಗೆ. ಆಗದಿದ್ದರೆ ಅವಳು ಜನ್ಮದಲ್ಲಿ ಮತ್ತೆ ಬಸ್ಸಿನ ಹೆಸರೆತ್ತಬಾರದು. ಅವಳು ಎಷ್ಟು ಬೇಗ ಒಪ್ಪಿಕೊಂಡಳೆಂದರೆ, ಬುದ್ಧಿಯಿರುವ ಯಾವ ಗಂಡಸಿಗೂ ಅಲ್ಲೇ ಅನುಮಾನ ಬರಬೇಕಿತ್ತು. ಮೇಸ್ತ್ರಿ ಎದೆ ಉಬ್ಬಿಸಿಕೊಂಡು ಟೈರು ಕೊಳ್ಳಲು ಹೊರಟ.

ಸೈಕಲ್ ಅಂಗಡಿಯ ಒಡತಿ ಎತ್ತರದ ಹೆಂಗಸು, ಹಣೆಯ ಮೇಲೆ ಸದಾ ಗ್ರೀಸಿನ ಒಂದು ಗೆರೆ. ಅವಳು ಎರಡು ಬಗೆಯ ಟೈರು ತಂದು ಕೌಂಟರಿನ ಮೇಲಿಟ್ಟಳು. ಒಂದರಲ್ಲಿ ರಬ್ಬರಿನ ಕೆಳಗೆ ಬೆರಳು ದಪ್ಪದ ಇನ್ನೊಂದು ಪದರ. ಮೊಳೆ, ಗಾಜು ಯಾವುದೂ ಟ್ಯೂಬಿನವರೆಗೆ ಇಳಿಯುವುದಿಲ್ಲ. ಇನ್ನೊಂದು ಮೆತ್ತನೆಯದು, ಚಳಿಗೂ ಬಿರುಸಾಗದ ರಬ್ಬರು, ಮೈತುಂಬ ಐಸನ್ನು ಕಚ್ಚಿ ಹಿಡಿಯುವ ಪುಟ್ಟ ಉಕ್ಕಿನ ಹಲ್ಲುಗಳು.

"ನೀವು ಮೊಳೆಗೆ ಹೆದರ್ತೀರೋ, ಐಸಿಗೆ ಹೆದರ್ತೀರೋ?" ಎಂದು ಕೇಳಿದಳು.

"ಮೊಳೆಗೆ!" ಎಂದ ಮೇಸ್ತ್ರಿ. ದಿನಾ ಹಿಡಿಗಟ್ಟಲೆ ಮೊಳೆ ಬಾಯಲ್ಲಿಟ್ಟುಕೊಳ್ಳುವ ಮನುಷ್ಯ.

"ಈ ಗಟ್ಟಿ ಟೈರು ಚಳಿಗೆ ಕಲ್ಲಾಗುತ್ತೆ. ಸೇತುವೆ ಇಳಿಜಾರಲ್ಲಿ ಜಾರುತ್ತೆ. ಆಮೇಲೆ ಹೇಳ್ಲಿಲ್ಲ ಅನ್ಬೇಡಿ."

"ಜಾರೋದು ಟೈರಲ್ಲಮ್ಮ, ಓಡಿಸೋಕೆ ಬರದವನು."

ಹಾಗೆಂದವನ ಎಡ ಮಣಿಕಟ್ಟು ಹಿಂದಿನ ಚಳಿಗಾಲದಲ್ಲಿ ಅದೇ ಇಳಿಜಾರಿನಲ್ಲಿ ಮುರಿದಿತ್ತು. ಶೆಡ್ಡಿನ ಮೆಟ್ಟಿಲಿಂದ ಬಿದ್ದೆ ಎಂದು ಮನೆಯಲ್ಲಿ ಕತೆ ಕಟ್ಟಿದ್ದ. ಹೆಂಡತಿ ನಂಬಿದ್ದಾಳೆ ಎಂದೂ ನಂಬಿದ್ದ.

ಹಿಮ ಬಿತ್ತು, ಕರಗಿತು, ಮತ್ತೆ ಬಿದ್ದು ಗಡ್ಡೆ ಕಟ್ಟಿತು. ಗಟ್ಟಿ ಟೈರು ಜಪ್ಪಯ್ಯ ಅಂದರೂ ಪಂಕ್ಚರ್ ಆಗಲಿಲ್ಲ. ಸೇತುವೆಯ ಇಳಿಜಾರಿನಲ್ಲಿ ಮಾತ್ರ ಅದು ಸಾಬೂನಿನ ತುಂಡಿನ ಹಾಗೆ ಆಡುತ್ತಿತ್ತು. ಮೇಸ್ತ್ರಿ ಎರಡೂ ಕಾಲು ಚಾಚಿ, ಹಲ್ಲು ಕಚ್ಚಿ, ಜೀವ ಕೈಯಲ್ಲಿ ಹಿಡಿದು ಇಳಿಯುತ್ತಿದ್ದ. ಮನೆಗೆ ಬಂದ ಮೇಲೆ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ, "ಕಲ್ಲು ಕಣೇ, ಕಲ್ಲು!" ಎಂದು ಮೆರೆಯುತ್ತಿದ್ದ. ಅವಳು ಕಿಟಕಿಯ ಪಕ್ಕದಿಂದ ಎದ್ದು ಒಳಗೆ ಹೋಗುತ್ತಿದ್ದಳು. ಸೋಲಿನ ಸಂಕಟ ಎಂದು ಇವನಿಗೆ ಒಳಗೊಳಗೇ ಖುಷಿ.

ಒಂದು ದಿನ ಗಾಲಿ ಟಿಕ್ ಟಿಕ್ ಎನ್ನತೊಡಗಿತು. ಅಂಗಡಿಗೆ ಒಯ್ದ. ಒಡತಿ ಸೈಕಲ್ಲನ್ನು ತಲೆಕೆಳಗು ಮಾಡಿ, ಇಕ್ಕಳದಿಂದ ಟೈರಿನ ಮೈಯೊಳಗಿಂದ ಒಂದೊಂದೇ ಮೊಳೆ ಕಿತ್ತು ಅವನ ಅಂಗೈಗೆ ಹಾಕಿದಳು. ಎಲ್ಲವೂ ಪುಟ್ಟವು. ಎಲ್ಲವೂ ನೀಲಿ. ಆ ರುಚಿಯ ಪರಿಚಯ ಅವನ ನಾಲಿಗೆಗೆ ಚೆನ್ನಾಗಿಯೇ ಇತ್ತು.

"ಇವು ಬಡಗಿಯವಲ್ಲ, ರಸ್ತೆಯವೂ ಅಲ್ಲ," ಎಂದಳು ಒಡತಿ.

ಮೇಸ್ತ್ರಿ ಅಂಗೈ ಮುಚ್ಚಿಕೊಂಡು ಮನೆಗೆ ಬಂದ. ಮೆಟ್ಟಿಲ ಬುಡದಲ್ಲಿ ಇಳಿದು, ದಿನಾ ಮಾಡುವಂತೆ ಏಪ್ರನ್ನು ಝಾಡಿಸಿದ, ಪ್ಯಾಂಟಿನ ಮಡಿಕೆ ಬಿಚ್ಚಿ ಕೊಡವಿದ. ಮನೆಯೊಳಕ್ಕೆ ಕಸ ತರುವ ಕೊಳಕ ನಾನಲ್ಲ ಎಂಬುದು ಅವನ ದೊಡ್ಡ ಹೆಮ್ಮೆ. ಕಲ್ಲಿನ ಮೇಲೆ ಏನೋ ಟಿಣ್ಣೆಂದಿತು. ಬಗ್ಗಿ ನೋಡಿದ. ಹಳೆಯ ಸೋಫಾಗಳಿಂದ ಕೀಳುವ ಮೊಳೆಗಳು ಸಿಡಿದು ಪ್ಯಾಂಟಿನ ಮಡಿಕೆಯಲ್ಲಿ ಕೂರುತ್ತವೆ. ಅವನ್ನು ಊರೆಲ್ಲ ದಾಟಿಸಿ ತಂದು, ತನ್ನದೇ ಸೈಕಲ್ ನಿಲ್ಲಿಸುವ ಜಾಗದಲ್ಲಿ ತಾನೇ ಬಿತ್ತುತ್ತಿದ್ದ. ಭಾಮೈದನ ಬಾಗಿಲ ಕಡೆ ನೋಡಲು ನಾಚಿಕೆಯಾಯಿತು.

ಆದರೆ ಮಡಿಕೆ ಕೊಡವುವುದು ಇಂದು ನಿನ್ನೆಯ ಅಭ್ಯಾಸವಲ್ಲ. ಹಾಗಿದ್ದರೆ ಇಷ್ಟು ವರ್ಷ ಗಾಲಿ ಹೇಗೆ ಉಳಿಯಿತು? ಮೇಲೆ ಹೋಗಿ ಮೊಳೆಗಳನ್ನು ಮೇಜಿನ ಮೇಲಿಟ್ಟು ಹೆಂಡತಿಯನ್ನು ಕೇಳಿದ.

ಅವಳು ಅಡುಗೆಮನೆಯ ಕಪಾಟಿನಿಂದ ಒಂದು ಡಬ್ಬಿ ತಂದಳು, ಕುತ್ತಿಗೆವರೆಗೆ ನೀಲಿ ಮೊಳೆ. ಅದರ ಪಕ್ಕದಲ್ಲಿ, ಕಳೆದುಹೋಯಿತೆಂದು ಅವನು ಶೆಡ್ಡಿನವರನ್ನೆಲ್ಲ ಬೈದಿದ್ದ ಹಳೆಯ ಅಯಸ್ಕಾಂತದ ಸುತ್ತಿಗೆ.

"ದಿನಾ ನೀವು ಸ್ನಾನಕ್ಕೆ ಹೋದಾಗ ಕೆಳಗೆ ಹೋಗಿ ಇದರಲ್ಲಿ ಆರಿಸ್ತಿದ್ದೆ. ಈ ಸಲ ಎಲೆ ಉದುರೋಕೆ ಶುರುವಾದಾಗ ಆರಿಸೋದು ಬಿಟ್ಟೆ."

"ಬಿಟ್ಟೆಯಾ? ಬೇಕೂಂತ ಬಿಟ್ಟೆಯಾ?" ಮೇಸ್ತ್ರಿಗೆ ಪಿತ್ತ ನೆತ್ತಿಗೇರಿತು. "ಪಂದ್ಯದಲ್ಲಿ ಮೋಸ!"

"ನಾನೇನು ಮೊಳೆ ಹಾಕ್ಲಿಲ್ಲ. ನೀವು ಹಾಕಿದ್ದನ್ನ ಎತ್ತಲಿಲ್ಲ, ಅಷ್ಟೆ." ಅವಳು ಡಬ್ಬಿಯನ್ನು ಅವನತ್ತ ತಳ್ಳಿದಳು. "ಮೆಟ್ಟಿಲಿಂದ ಬಿದ್ದವರ ಕೋಟಿಗೆ, ಐಸು ಕರಗ್ಲಿ ಅಂತ ರಸ್ತೆಗೆ ಸುರಿಯೋ ಉಪ್ಪು ಹೇಗ್ರೀ ಮೆತ್ಕೊಳ್ಳುತ್ತೆ? ಆ ಕೋಟು ಒಗೆದವಳು ನಾನು. ಹೋದ ಸಲ ಕೈ. ಈ ಸಲ ತಲೆ ಆದ್ರೆ? ಸಂಜೆ ನೀವು ಬರೋವರೆಗೆ ಆ ಕಿಟಕಿ ಬಿಟ್ಟು ಏಳೋಕಾಗಲ್ಲ ನನಗೆ. ಪಂಕ್ಚರ್ ಆದ್ರೆ ಬಸ್ಸು ಹತ್ತುತ್ತೀರಿ ಅಂದ್ಕೊಂಡೆ. ನೀವು ಹೋಗಿ ಕಲ್ಲಿನಂಥ ಟೈರು ತಂದ್ರಿ."

ಮೇಸ್ತ್ರಿಯ ಬಾಯಲ್ಲಿ ಆಗ ಒಂದು ಮೊಳೆಯೂ ಇರಲಿಲ್ಲ. ಆದರೂ ಮಾತು ಹೊರಡಲಿಲ್ಲ. ಪಂದ್ಯದಲ್ಲಿ ಗೆಲ್ಲುತ್ತಿದ್ದವನು ತಾನೇ ಎಂಬುದನ್ನೂ ಮರೆತು, ಮೇಜಿನ ಮೇಲಿನ ಮೊಳೆಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕಿದ.

ಮರುದಿನ ಭಾಮೈದನ ಬಾಗಿಲು ತಟ್ಟಿ, ಶೆಲ್ಫು ತುಂಬ ಚೆನ್ನಾಗಿದೆ ಎಂದು ಹೊಗಳಿ ಬಂದ. ಅವನ ಮಟ್ಟಿಗೆ ಅದೇ ಕ್ಷಮೆ. ಭಾಮೈದನಿಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಹೆಂಡತಿಯನ್ನು ಕರೆದುಕೊಂಡು, ಸೈಕಲ್ಲನ್ನು ತಳ್ಳಿಕೊಂಡೇ ಅಂಗಡಿಗೆ ಹೋದ. ಇನ್ನು ಮೇಲೆ ಶೆಡ್ಡಿನಲ್ಲೇ ಮಡಿಕೆ ಕೊಡವಿ ಬರುತ್ತೇನೆ ಎಂದು ದಾರಿಯುದ್ದಕ್ಕೂ ಆಣೆ ಹಾಕಿದ. ಅವಳು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ.

ಒಡತಿ ಮತ್ತೆ ಆ ಎರಡೂ ಟೈರನ್ನು ಕೌಂಟರಿನ ಮೇಲಿಟ್ಟಳು.

"ಈಗ ಹೇಳಿ. ಮೊಳೆಗೋ, ಐಸಿಗೋ?"

"ಇವಳನ್ನ ಕೇಳಿ," ಎಂದ ಮೇಸ್ತ್ರಿ.

ಹೆಂಡತಿ ಮೆತ್ತನೆಯ ಟೈರನ್ನು ಹತ್ತಿರ ಎಳೆದುಕೊಂಡು, ಅದರ ಉಕ್ಕಿನ ಹಲ್ಲುಗಳ ಮೇಲೆ ಅಂಗೈ ಒತ್ತಿ ನೋಡಿದಳು.

"ಐಸಿಗೆ," ಎಂದಳು. "ಎರಡೂ ಗಾಲಿಗೆ ಇದನ್ನೇ ಹಾಕಿ. ಮೊಳೆ ನಾನು ನೋಡ್ಕೋತೀನಿ."