ಎಣಿಸುವ ತುಟಿಗಳು

ನಮ್ಮ ಡಬ್ಬಿಂಗ್ ಕೋಣೆಯಲ್ಲಿ ಅವಳನ್ನು ಎಲ್ಲರೂ 'ಕಡ್ಡಿ ಅಕ್ಕ' ಎನ್ನುತ್ತಾರೆ. ಮೈ ಸಣ್ಣಗಿದೆ ಎಂದಲ್ಲ. ಮಾತು ಕಡ್ಡಿ ಮುರಿದಂತೆ. ಇಪ್ಪತ್ತೆಂಟು ವರ್ಷದಿಂದ ನಾಯಕಿಯರಿಗೆ ದನಿ ಕೊಡುತ್ತಿದ್ದಾಳೆ. ನಾನು ಗಾಜಿನ ಈಚೆ ಕೂತು ಅದನ್ನು ರೆಕಾರ್ಡ್ ಮಾಡುವವನು.

ಈಗಿನ ಸಿನಿಮಾ ಎಂದರೆ ಅವಳಿಗೆ ಮೈಯೆಲ್ಲ ಉರಿ. "ಮೊದ್ಲು ಮುಖ ಅಳ್ತಿತ್ತು, ನಾನು ಅದರ ಹಿಂದೆ ಹೋಗ್ತಿದ್ದೆ. ಈಗ ಮುಖ ಸುಮ್ನೆ ನಿಂತಿರುತ್ತೆ, ನಾನೊಬ್ಳೇ ಗಂಟಲು ಹರ್ಕೋಬೇಕು. ಕಥೆನಾದ್ರೂ ನೆಟ್ಟಗಿದ್ಯಾ? ದುಃಖ ಆದ್ರೆ 'ನಂಗೆ ದುಃಖ ಆಗ್ತಿದೆ' ಅಂತ ಹೇಳ್ಬಿಡ್ತಾರೆ!" ನನಗೂ ಹಾಗೇ ಅನಿಸುತ್ತದೆ. ಆದರೆ ಸಂಬಳದವನ ಬಾಯಿಗೆ ಬೀಗ.

ಆ ದಿನ ಅವಳ ಬಾಯಿಗೂ ಬೀಗ ಬಿದ್ದಿತ್ತು. ಸಿನಿಮಾ ಅವಳ ತಮ್ಮನದು, ನಿರ್ದೇಶಕನಾಗಿ ಅವನ ಮೊದಲನೆಯದು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದವಳು ಇವಳೇ. ಬೆಳಗ್ಗಿನಿಂದ ಅವನು ನನ್ನ ಪಕ್ಕ ಕೂತು ಪ್ರತಿ ದೃಶ್ಯಕ್ಕೂ "ಅಕ್ಕ, ಹೇಗಿದೆ?" ಎಂದು ಕೇಳುತ್ತಿದ್ದ. "ಮುಂದಿನದು ಹಾಕ್ಸು" ಎನ್ನುತ್ತಿದ್ದಳು ಅವಳು. ನಿಜ ಹೇಳಿದರೆ ತಮ್ಮ ಕೈತಪ್ಪುತ್ತಾನೆ, ಸುಳ್ಳು ಹೇಳಲು ಅವಳಿಗೆ ಬಾರದು.

ಉಳಿದದ್ದು ಒಂದೇ ದೃಶ್ಯ. ಅಪ್ಪ ಆಸ್ಪತ್ರೆಯ ಮಂಚದ ಮೇಲೆ ಸಾಯುತ್ತಿದ್ದಾನೆ, ಮಗಳು ಎರಡು ಪುಟ ಮಾತಾಡುತ್ತಾಳೆ. ನಾಯಕಿ ಶೂಟಿಂಗಿಗೆ ಮಾತು ಕಲಿತು ಬಂದಿರಲಿಲ್ಲ. ಅಂಥವರು ಕ್ಯಾಮೆರಾ ಮುಂದೆ ಒಂದು, ಎರಡು, ಮೂರು ಎಂದು ತುಟಿ ಆಡಿಸಿ ಹೊರಟುಬಿಡುತ್ತಾರೆ. ಅದರ ಮೇಲೆ ಮಾತು ಕೂರಿಸುವುದು ನಮ್ಮ ಹಣೆಬರಹ. ಈ ನಾಯಕಿ ಎಣಿಸಿದ್ದೂ ಬೇಸರದಿಂದ, ನಿಧಾನವಾಗಿ, ಎರಡು ಪುಟಕ್ಕೆ ಸಾಲದಷ್ಟು.

ಅಕ್ಕ ನಾಲ್ಕು ಸಲ ಓದಿದಳು. ನಾಲ್ಕು ಸಲವೂ ಮಾತು ತುಟಿಗೆ ಕೂರಲಿಲ್ಲ. ಗಾಜಿನಾಚೆ ಇದ್ದವರೊಡನೆ ಮಾತಾಡುವ ಗುಂಡಿಯನ್ನು ತಮ್ಮ ಒತ್ತಿದ.

"ಬೇಕಂತಲೇ ಮಾಡ್ತಿದ್ದೀಯಾ? ನಿಂಗೆ ನನ್ನ ಸಿನಿಮಾ ಹಿಡಿಸಿಲ್ಲ, ಗೊತ್ತು ಬಿಡು. ಬೇರೆಯವ್ರನ್ನ ಕರೆಸ್ತೀನಿ."

ಅವಳ ಮುಖ ಬಿಳಿಚಿತು. "ಇನ್ನೊಂದ್ಸಲ ಹಾಕ್ಸು," ಎಂದಳು.

ಐದನೇ ಸಲ ಕಣ್ಣೀರು ತುಂಬಿ ಅವಳಿಗೆ ಹಾಳೆ ಕಾಣುತ್ತಿರಲಿಲ್ಲವೇನೋ. ಕಣ್ಣು ಪರದೆಯ ತುಟಿಯನ್ನು ಹಿಡಿಯಿತು, ಇಪ್ಪತ್ತೆಂಟು ವರ್ಷದ ಅಭ್ಯಾಸದಂತೆ ಬಾಯಿ ಅದರ ಹಿಂದೆಯೇ ಹೋಯಿತು. "ಒಂದು... ಎರಡು... ಮೂರು..." ಎಂಥ ತಪ್ಪು! ನಿಲ್ಲಿಸಲು ಕೈ ಚಾಚಿದೆ. ತಮ್ಮ ನನ್ನ ಮಣಿಕಟ್ಟು ಹಿಡಿದ. ದನಿ ಸಣ್ಣಗಾಗುತ್ತ, ಒಂದೊಂದು ಅಂಕಿಗೂ ಕಾಯುತ್ತ ಹೋಯಿತು. ಪರದೆಯ ಮೇಲೆ ಮಗಳು ಅಪ್ಪನ ಉಸಿರು ಎಣಿಸುತ್ತಿದ್ದಳು. ಆ ಸಪ್ಪೆ ಮುಖ ಈಗ ನಿಜವಾಗಿ ಮಗಳ ಮುಖವಾಗಿತ್ತು. ಹನ್ನೊಂದಕ್ಕೆ ತುಟಿ ನಿಂತಿತು, ಅವಳೂ ನಿಂತಳು. ನನಗೆ ಅಳು ತಡೆಯಲಾಗಲಿಲ್ಲ.

ಅಕ್ಕ-ತಮ್ಮನ ಸ್ವಂತ ಅಪ್ಪ ತೀರಿಕೊಂಡ ದಿನ ತಮ್ಮ ಬೇರೆ ಯಾರದೋ ಸಿನಿಮಾದ ಶೂಟಿಂಗಿನಲ್ಲಿದ್ದ. ಮಂಚದ ಪಕ್ಕ ಇದ್ದವಳು ಅಕ್ಕ ಒಬ್ಬಳೇ. ಈಗ ಅವನು ಮತ್ತೆ ಗುಂಡಿ ಒತ್ತಿದ.

"ಅವತ್ತು ಹೀಗೇ ಎಣಿಸ್ತಾ ಇದ್ಯಾ, ಅಕ್ಕ?"

"ಹೂಂ."

"ಎಷ್ಟಕ್ಕೆ ನಿಲ್ತು?"

"ಗೊತ್ತಿಲ್ಲ ಕಣೋ. ಮಧ್ಯದಲ್ಲಿ ನಿನ್ನ ಫೋನ್ ಬಂತು. ಶೂಟಿಂಗ್ ಎಷ್ಟು ಚೆನ್ನಾಗಾಯ್ತು ಅಂತ ನೀನು ಹೇಳ್ತಾ ಇದ್ದೆ. ಎಣಿಕೆ ತಪ್ಪಿಹೋಯ್ತು."

ಮುಂದಿದ್ದ ಮಾತಿನ ಎರಡು ಪುಟವನ್ನೂ ತಮ್ಮ ಮಡಚಿ ಜೇಬಿಗಿಟ್ಟುಕೊಂಡ. ಹೇಗಿದೆ ಎಂದು ಮತ್ತೆ ಕೇಳಲಿಲ್ಲ.